ಹುಯಿಲು ಎದ್ದರೆ ಊರೇ ಓಡಿಬರುತ್ತಿತ್ತು

ಶಿವಮೊಗ್ಗ ಕಡೆಯ ಮನೆಗಳಲ್ಲಿ 'ಹುಯಿಲು' ಅನ್ನೋ ಪದ ಈಗ ಬರುವುದು ಬೈಗುಳದ ಜೊತೆಗೇ ಜಾಸ್ತಿ. "ಅಷ್ಟಕ್ಕೆಲ್ಲ ಹುಯಿಲೆಬ್ಬಿಸಬೇಡ ಮಾರಾಯ." "ಎಂಥದೇ ಅದು ನಿನ್ನ ಹುಯಿಲು, ಒಂದು ಜಿಗಣೆ ಕಚ್ಚಿದ್ದಕ್ಕೆ!" ಪೇಪರಿನಲ್ಲೂ ಅಷ್ಟೆ. ವಿರೋಧ ಪಕ್ಷದವರು ಹುಯಿಲೆಬ್ಬಿಸಿದರು ಅಂತ ಬರೆದರೆ, ಓದುವವರಿಗೆ ಅರ್ಥವಾಗುವುದು ಒಂದೇ: ವಿಷಯ ಸಣ್ಣದು, ಸದ್ದು ದೊಡ್ಡದು.

ಸಾವಿರ ವರ್ಷದ ಹಿಂದೆ ಇದೇ ಸೀಮೆಯಲ್ಲಿ ಈ ಪದಕ್ಕೆ ಬೇರೆಯದೇ ತೂಕ ಇತ್ತು. ಹುಯಿಲು ಕೇಳಿದರೆ ಗಂಡಸರು ಕೈಯಲ್ಲಿದ್ದದ್ದು ಬಿಟ್ಟು ಕತ್ತಿ ಹುಡುಕಬೇಕಿತ್ತು. ಎಷ್ಟೋ ಜನ ಹಾಗೆ ಹೋದವರು ಮನೆಗೆ ವಾಪಸ್ ಬರಲಿಲ್ಲ. ಅವರ ಹೆಸರಲ್ಲಿ ಕಲ್ಲು ನಿಂತಿತು.

ಮೊದಲು ಪದದ ರೂಪ ನೋಡೋಣ. ಹಳಗನ್ನಡದಲ್ಲಿ ಇದು 'ಪುಯ್ಯಲ್'. ಕನ್ನಡದಲ್ಲಿ ಪದದ ಮೊದಲಿಗಿದ್ದ ಪಕಾರ ನಿಧಾನಕ್ಕೆ ಹಕಾರ ಆಯಿತು ಅಂತ ಶಾಲೆಯಲ್ಲಿ ಓದಿರ್ತೀವಿ. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪೂವು ಹೂವಾಯಿತು. ಸುಮಾರು ಹತ್ತನೇ ಶತಮಾನದಿಂದ ಶುರುವಾದ ಈ ಬದಲಾವಣೆ ಮುಗಿಯಲು ಮೂರ್ನಾಲ್ಕು ಶತಮಾನವೇ ಬೇಕಾಯಿತು. ಪುಯ್ಯಲ್ ಕೂಡ ಅದೇ ದಾರಿಯಲ್ಲಿ ಹುಯ್ಯಲ್, ಹುಯ್ಯಲು, ಹುಯಿಲು ಆಯಿತು. ಆಡುಮಾತಿನಲ್ಲಿ ಹುಯ್ಲು. ಹಕಾರ ನುಂಗುವ ಕಡೆ ಉಯ್ಲು ಅಂತಲೂ ಕೇಳಿಸುತ್ತದೆ. ಆದರೆ ಆಸ್ತಿ ಬರೆದಿಡುವ 'ಉಯಿಲು' ಬೇರೆ, ಅದು ಇಂಗ್ಲಿಷಿನ 'ವಿಲ್'. ಒಂದರ ಹಿಂದೆ ಇನ್ನೊಂದು ಬರುವ ಮನೆಗಳು ಇಲ್ಲದೇ ಇಲ್ಲ, ಆ ಮಾತು ಬೇರೆ.

ಪುಯ್ಯಲ್ ಅಂದರೆ ಏನು? ಗಟ್ಟಿಯಾಗಿ ಅಳುವುದು, ಗೋಳಿಡುವುದು. ಕಾಪಾಡಿ ಅಂತ ಕೂಗುವುದು. ಆ ಕೂಗಿಗೆ ಕಾರಣವಾದ ದಾಳಿ, ಆಮೇಲೆ ನಡೆಯುವ ಕಾಳಗ. ಇಷ್ಟೂ ಒಂದೇ ಪದದೊಳಗೆ. ಇವತ್ತು ನಾವು ಅಳುವುದನ್ನು ಒಂದು ಕಡೆ, ಸಹಾಯಕ್ಕೆ ಕರೆಯುವುದನ್ನು ಇನ್ನೊಂದು ಕಡೆ ಇಟ್ಟು ನೋಡ್ತೀವಿ. ಆ ಕಾಲದವರಿಗೆ ಇವು ಬೇರೆ ಬೇರೆ ಅಲ್ಲ. ಜೋರಾಗಿ ಅತ್ತರೆ ಯಾರಾದರೂ ಬರಬೇಕು ಅಂತಲೇ ಅರ್ಥ.

ಇದು ಎದ್ದು ಕಾಣುವುದು ವೀರಗಲ್ಲುಗಳಲ್ಲಿ. ಶಿವಮೊಗ್ಗ ಜಿಲ್ಲೆಯಲ್ಲಿ, ಅದರಲ್ಲೂ ಸೊರಬ, ಶಿಕಾರಿಪುರ, ಸಾಗರದ ಕಡೆ, ಇವು ಬೇಕಾದಷ್ಟಿವೆ. ಬಿ. ಎಲ್. ರೈಸ್ ಅವರು ಶಾಸನಗಳನ್ನೆಲ್ಲ ಸಂಗ್ರಹಿಸಿ 'ಎಪಿಗ್ರಾಫಿಯಾ ಕರ್ನಾಟಿಕಾ' ತಂದಾಗ ಈ ಜಿಲ್ಲೆಗೇ ಎರಡು ಸಂಪುಟ ಬೇಕಾಯಿತು, 1902ರಲ್ಲಿ ಏಳನೆಯದು, 1904ರಲ್ಲಿ ಎಂಟನೆಯದು. ಊರು ಸುತ್ತಲು ಆಗದವರು ಶಿವಮೊಗ್ಗದ ಶಿವಪ್ಪ ನಾಯಕ ಅರಮನೆಯ ಆವರಣಕ್ಕೆ ಹೋದರೂ ಸಾಕು, ಅಲ್ಲಿ ತಂದು ನಿಲ್ಲಿಸಿದ ಕಲ್ಲುಗಳಿವೆ.

ಸಾಮಾನ್ಯವಾಗಿ ಒಂದು ವೀರಗಲ್ಲಿನಲ್ಲಿ ಮೂರು ಅಂತಸ್ತು ಇರುತ್ತದೆ. ಓದಬೇಕಾದ್ದು ಕೆಳಗಿನಿಂದ ಮೇಲಕ್ಕೆ. ಕೆಳಗೆ ಕಾಳಗ: ವೀರನ ಕೈಯಲ್ಲಿ ಬಿಲ್ಲೋ ಕತ್ತಿಯೋ, ಎದುರಿಗೆ ಶತ್ರುಗಳು, ಕೆಲವು ಕಡೆ ಅವನ ಹಿಂದೆ ದನಗಳ ಸಾಲು. ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ಅವನನ್ನು ಎರಡೂ ಕಡೆ ಹಿಡಿದು ಮೇಲೆ ಒಯ್ಯುತ್ತಿರುತ್ತಾರೆ. ಮೇಲಿನದ್ದು ಕೈಲಾಸ. ಲಿಂಗ, ಬಸವ, ಪೂಜೆ ಮಾಡುವವ, ಪಕ್ಕದಲ್ಲಿ ಕೈಮುಗಿದು ಕೂತ ವೀರ. ತುದಿಯಲ್ಲಿ ಸೂರ್ಯ ಚಂದ್ರ. ಶಾಸನ ಇದ್ದರೆ ಈ ಪಟ್ಟಿಕೆಗಳ ನಡುವಿನ ಅಡ್ಡಗೆರೆಯಲ್ಲೇ ಕೊರೆದಿರುತ್ತಾರೆ.

ಆ ಶಾಸನಗಳಲ್ಲಿ ಸಾವಿನ ಕಾರಣ ಹೇಳಲು ಕೆಲವು ಸಿದ್ಧ ಪದಗಳಿವೆ. 'ತುಱುಗೋಳ್' ಅಂದರೆ ದನ ಹಿಡಿದುಕೊಂಡು ಹೋಗುವುದು. ತುರು ಅಂದರೆ ದನ, ತುರುಗಾಹಿ ಅನ್ನುವಾಗ ಬರುವುದೂ ಅದೇ. 'ಊರಳಿವು' ಅಂದರೆ ಊರನ್ನೇ ಹಾಳುಮಾಡುವ ದಾಳಿ. ಮೂರನೆಯದು 'ಪೆಣ್ಬುಯ್ಯಲ್'. ಪೆಣ್ ಮತ್ತು ಪುಯ್ಯಲ್ ಸೇರಿ ಆದದ್ದು, ಹೆಣ್ಣಿನ ಹುಯಿಲು. ಹೆಂಗಸರ ಮೇಲೆ ಕೈ ಮಾಡಲು ಬಂದವರನ್ನು ತಡೆದು ಸತ್ತವನ ಕಲ್ಲು ಅದು.

ಇಲ್ಲಿ ಸ್ವಲ್ಪ ನಿಲ್ಲಬೇಕು. ತುಱುಗೋಳ್, ಊರಳಿವು ಇವೆರಡೂ ಶತ್ರು ಏನು ಮಾಡಿದ ಅನ್ನೋದನ್ನು ಹೇಳುತ್ತವೆ. ಪೆಣ್ಬುಯ್ಯಲ್ ಹಾಗಲ್ಲ. ಅದು ಅವಳು ಏನು ಮಾಡಿದಳು ಅನ್ನೋದನ್ನು ಹೇಳುತ್ತದೆ. ಅವಳು ಕೂಗಿದಳು, ಇವನು ಹೋದ, ಸತ್ತ. ಅಪರಾಧದ ಹೆಸರನ್ನೇ ಎತ್ತದೆ, ಕೇಳಿಸಿದ ಸದ್ದನ್ನೇ ಘಟನೆಯ ಹೆಸರು ಮಾಡಿಬಿಟ್ಟಿದ್ದಾರೆ. ಕನ್ನಡದಲ್ಲಿ ದುಃಖದ ಸದ್ದಿಗೆ ಇಷ್ಟು ಮರ್ಯಾದೆ ಕೊಟ್ಟ ಪದ ನನಗಂತೂ ಇನ್ನೊಂದು ಗೊತ್ತಿಲ್ಲ.

ಹುಯಿಲಿಗೆ ಓಡುವುದು ಬರೀ ಧೈರ್ಯದ ಮಾತಾಗಿರಲಿಲ್ಲ, ಅದೊಂದು ವ್ಯವಸ್ಥೆ. ಬನವಾಸಿ ನಾಡು, ಹುಂಚದ ಸಾಂತರರ ನಾಡು, ಇವೆಲ್ಲ ಕಾಡಂಚಿನ ಸೀಮೆ. ಅರಸ ಯಾರೇ ಆಗಲಿ, ಅವನ ದಂಡು ಬರುವಷ್ಟರಲ್ಲಿ ದನ ಹೊಳೆ ದಾಟಿರುತ್ತಿತ್ತು. ಮೊದಲು ತಡೆಯಬೇಕಾದವರು ಊರವರೇ. ಸತ್ತವನ ಮನೆಯವರಿಗೆ ಭೂಮಿ ಬಿಟ್ಟುಕೊಡುತ್ತಿದ್ದರು. ಅದಕ್ಕೆ 'ನೆತ್ತರುಗೊಡಗೆ' ಅಂತ ಹೆಸರು. ನೆತ್ತರಿಗೆ ಕೊಟ್ಟ ಕೊಡುಗೆ, ಹೆಸರಲ್ಲಿ ಮುಚ್ಚುಮರೆ ಏನಿಲ್ಲ.

ಬೇರೆ ಕಡೆಯೂ ಇಂಥದ್ದು ಇತ್ತು. ಇಂಗ್ಲೆಂಡಿನಲ್ಲಿ 1285ರ ವಿಂಚೆಸ್ಟರ್ ಕಾಯ್ದೆಯ ಪ್ರಕಾರ, ಕಳ್ಳನನ್ನು ಕಂಡು ಯಾರಾದರೂ ಕೂಗೆಬ್ಬಿಸಿದರೆ ಊರವರೆಲ್ಲ ಬೆನ್ನಟ್ಟಲೇಬೇಕು. 'ಹ್ಯೂ ಅಂಡ್ ಕ್ರೈ' ಅನ್ನೋ ಮಾತಿನ ಮೂಲ ಇದು. ಅದೂ ಈಗ ಸುಮ್ನೆ ಗದ್ದಲ ಅನ್ನೋ ಅರ್ಥಕ್ಕೆ ಇಳಿದಿದೆ. ಕನ್ನಡಕ್ಕೆ ತರುವಾಗ ಅದನ್ನು ಹುಯಿಲು ಅಂತಲೇ ಬರೆಯುತ್ತಾರೆ. ಎರಡು ಪದಗಳೂ ಒಂದೇ ಮೆಟ್ಟಿಲು ಇಳಿದು ಕೆಳಗೆ ಬಂದು ಭೇಟಿಯಾಗಿವೆ.

ಮಲೆನಾಡಿನಲ್ಲಿ ಸದ್ದಿಗೆ ಜನ ಹೇಗೆ ಸ್ಪಂದಿಸುತ್ತಿದ್ದರು ಅಂತ ತಿಳಿಯಲು ಶಾಸನದ ಕಾಲಕ್ಕೇ ಹೋಗಬೇಕಿಲ್ಲ. ಇಲ್ಲಿನದು ಒಂಟಿಮನೆಗಳ ಊರು. ಈ ಗುಡ್ಡದ ಬುಡದಲ್ಲಿ ಒಂದು ಮನೆ, ನಡುವೆ ಗದ್ದೆಕೋಗು, ಆಚೆ ಅಡಿಕೆ ತೋಟ, ಅದರಾಚೆ ಇನ್ನೊಂದು ಮನೆ. ಫೋನ್ ಬರುವ ತನಕ ಕೂ ಹಾಕುವುದೇ ದಾರಿ. ಬಾಯಿಗೆ ಎರಡೂ ಕೈ ಅಡ್ಡ ಹಿಡಿದು 'ಕೂಊಊ' ಅಂತ ಎಳೆದರೆ ಆಚೆ ದಡದಿಂದ ಮರುಕೂಗು ಬರಬೇಕು. ಮಳೆಗಾಲದಲ್ಲಿ ಇದೂ ಕಷ್ಟ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ. ಹೆಂಚಿನ ಮೇಲೆ ಆ ಸದ್ದು ಶುರುವಾದರೆ ಅಂಗಳದಲ್ಲಿ ನಿಂತು ಕರೆದದ್ದೂ ಒಳಗೆ ಕೇಳುವುದಿಲ್ಲ. ಹೊಳವಾದಾಗಲೇ ಕೂಗಬೇಕು.

ಊಟಕ್ಕೆ ಕರೆಯುವ ಕೂ ಯಾವುದು, ಅನಾಹುತದ ಕೂ ಯಾವುದು ಅಂತ ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ಕೇಳಿದ ಕೂಡಲೇ ಗೊತ್ತಾಗುತ್ತದೆ. ಇದಕ್ಕೆ ಕಾರಣ ಇದೆ. ಕರೆಯುವ ದನಿ ನುಣುಪು. ಗಾಬರಿಯ, ಸಂಕಟದ ಕೂಗು ಒರಟು. ಅದರ ಜೋರು ಸೆಕೆಂಡಿಗೆ ಸುಮಾರು 30ರಿಂದ 150 ಸಲ ಏರಿಳಿಯುತ್ತದೆ. ಮಾಮೂಲಿ ಮಾತಿನಲ್ಲಿ ಈ ಏರಿಳಿತ ಸೆಕೆಂಡಿಗೆ ನಾಲ್ಕೈದು ಸಲ, ಅಷ್ಟೆ. ಆ ಒರಟುತನ ಕಿವಿಗೆ ಬಿದ್ದರೆ ಮಿದುಳಿನ ಭಯದ ಭಾಗ ಎಚ್ಚರಾಗುತ್ತದೆ. ಅಪಾಯದ ಅಲಾರಾಂಗಳಲ್ಲೂ ಇದೇ ಒರಟು ಸದ್ದು ಇರುವುದು. ಪುಯ್ಯಲ್ ಅಂತ ಹೆಸರಿಟ್ಟವರು ಇದನ್ನು ಅಳೆದಿರಲಿಲ್ಲ, ಆದರೆ ಯಾವ ಸದ್ದಿಗೆ ಹೆಸರಿಡುತ್ತಿದ್ದೇವೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಹಾಗಾದರೆ ಹುಯಿಲು ಇಷ್ಟು ಅಗ್ಗ ಯಾಕಾಯಿತು? ನನಗೆ ತೋಚುವುದು ಇಷ್ಟು. ಇದು ಇನ್ನೊಬ್ಬರನ್ನು ಉದ್ದೇಶಿಸಿದ ಸದ್ದು. ಕೇಳುವವನಿಗೆ ಓಡಿಹೋಗಬೇಕಾದ ಹಂಗು ಇರುವ ತನಕ ಅದಕ್ಕೆ ಬೆಲೆ. ಕಾವಲು ಕಾಯುವುದು ಸರ್ಕಾರದ ಕೆಲಸ ಅಂತಾದ ಮೇಲೆ ನೆರೆಯವನಿಗೆ ಆ ಹಂಗು ಉಳಿಯಲಿಲ್ಲ. ಓಡಬೇಕಿಲ್ಲದವನ ಕಿವಿಗೆ ಅದು ಬರೀ ಗಲಾಟೆ. ತಮಿಳಿನ 'ಪೂಸಲ್' ನೋಡಿ. ಹಳೆಯ ತಮಿಳಿನಲ್ಲಿ ಸಾವಿನ ಮನೆಯ ಗೋಳಿಗೂ ಯುದ್ಧದ ಗದ್ದಲಕ್ಕೂ ಅದೇ ಪದ. ಈಗ ಪೂಸಲ್ ಅಂದರೆ ಜಗಳ, ತಿಕ್ಕಾಟ. ಗೋಳು ಕಳಚಿಹೋಯಿತು.

ಹುಯಿಲು ಒಂದೇ ಅಲ್ಲ, ಅದರ ಜೊತೆಯವೂ ಹೀಗೇ ಆಗಿವೆ. 'ಹಲುಬು' ತಗೊಳ್ಳಿ. ಹಳಗನ್ನಡದ 'ಪಲುಂಬು', ದುಃಖದಿಂದ ಗೋಳಾಡುವುದು. ಕಾವ್ಯಗಳಲ್ಲಿ ಗಂಡ ಸತ್ತವರು, ಮಗ ಸತ್ತವರು ಹಲುಬುತ್ತಾರೆ. ಇವತ್ತು ಹಲುಬುವವರು ಯಾರು? ಅಡಿಕೆ ರೇಟು ಬಿತ್ತು ಅಂತ ಮಂಡಿ ಮುಂದೆ ಕೂತವರು. "ಅದನ್ನೇ ಎಷ್ಟು ಹಲುಬ್ತೀಯ" ಅಂದರೆ ಸಾಕು ನಿಲ್ಲಿಸು ಅಂತ ಅರ್ಥ. ತಮಿಳಿನಲ್ಲಿ 'ಪುಲಂಬು' ಅಂತಿದೆ, ಹಳೆಯ ಕವಿತೆಗಳಲ್ಲಿ ಒಂಟಿತನಕ್ಕೂ ಶೋಕಕ್ಕೂ ಬಳಸಿದ ಪದ. ಅದಕ್ಕೂ ಈಗ ಗೊಣಗಾಟದ ಅರ್ಥವೇ ಜಾಸ್ತಿ.

'ಗೋಳು' ಇನ್ನೂ ಅರ್ಧ ಜೀವ ಹಿಡಿದುಕೊಂಡಿದೆ. "ಗೋಳೋ ಅಂತ ಅತ್ತಳು" ಅಂದರೆ ಈಗಲೂ ನಿಜವಾದ ಅಳುವೇ. ತೆಲುಗಿನಲ್ಲಿ 'ಗೋಡು' ಅಂದರೆ ತೋಡಿಕೊಳ್ಳುವ ದುಃಖ, 'ಗೋಲ' ಅಂದರೆ ಗದ್ದಲ. ನಮ್ಮಲ್ಲಿ ಒಂದೇ ಗೋಳು ಎರಡೂ ಕೆಲಸ ಮಾಡುತ್ತದೆ. ರಜೆಗೆ ಬಂದ ಮಕ್ಕಳು ಸಣ್ಣದೊಂದನ್ನು ಸುತ್ತುವರಿದು ಅಳಿಸುತ್ತಿದ್ದರೆ ಒಳಗಿಂದ ಅತ್ತೆ ಕೂಗುತ್ತಾರೆ: "ಏ, ಪಾಪದ್ದನ್ನ ಗೋಳು ಹುಯ್ಕೋಬೇಡ್ರೋ!" ಇಲ್ಲಿ ಗೋಳು ಅಳುವವನದ್ದಲ್ಲ, ಅಳಿಸುವವನ ಆಟ. ದುಃಖದ ಪದ ಚೇಷ್ಟೆಯ ಪದವಾಗಿದೆ, ಆದರೂ ಯಾರಿಗೂ ಅದು ತಮಾಷೆ ಅನಿಸಲ್ಲ.

ಬಾಯಿ ಬಡಿದುಕೊಳ್ಳುವುದನ್ನಂತೂ ನಾವು ಹಬ್ಬವನ್ನೇ ಮಾಡಿಬಿಟ್ಟೆವು. ಕಾಮದಹನದ ರಾತ್ರಿ, ಶಿಕಾರಿಪುರದಂಥ ಬಯಲಿನ ಕಡೆ, ಕಾಮಣ್ಣ ಸತ್ತ ಅಂತ ಹುಡುಗರು ಅಂಗೈಯಿಂದ ಬಾಯಿ ತಟ್ಟಿಕೊಂಡು 'ಲಬೋ ಲಬೋ' ಹಾಕುತ್ತಾರೆ. ಸಾವಿನ ಗೋಳಿನ ಪಕ್ಕಾ ಅಣಕ.

ಈಗ ಎದುರಿನ ಪ್ರಶ್ನೆ. ಇಷ್ಟೆಲ್ಲ ಸವೆದರೂ 'ಅಳು' ಯಾಕೆ ಸವೆಯಲಿಲ್ಲ? ಸಾಗರದ ಹವ್ಯಕರ ಮನೆಯಲ್ಲಿ "ಅಳಡ" ಅಂದರೂ, ತೀರ್ಥಹಳ್ಳಿ ಕಡೆ "ಅಳ್‌ಬ್ಯಾಡ" ಅಂದರೂ ಅಳು ಅಂದರೆ ಅಳುವೇ. ಸಾವಿರ ವರ್ಷದ ಹಿಂದೆಯೂ ಅಷ್ಟೆ. ನನ್ನ ಲೆಕ್ಕದಲ್ಲಿ ಇದಕ್ಕೆ ಕೇಳುವವನ ಅಗತ್ಯ ಇಲ್ಲ. ಅಳು ಮೈಯಲ್ಲಿ ನಡೆಯುವ ಕೆಲಸ, ಉಸಿರಾಟ, ಬೆವರು ಇದ್ದ ಹಾಗೆ. ಯಾರೂ ಇಲ್ಲದ ಕೋಣೆಯಲ್ಲಿ ಅಳಬಹುದು. ಯಾರೂ ಇಲ್ಲದ ಕೋಣೆಯಲ್ಲಿ ಹುಯಿಲೆಬ್ಬಿಸಲು ಆಗುತ್ತದೆಯೇ?

ಅಳು ತನ್ನೊಳಗೆ ಒಂದು ಸತ್ತ ಅಕ್ಷರವನ್ನೂ ಉಳಿಸಿಕೊಂಡಿದೆ. ಇದು ವ್ಯಾಕರಣದ ಮಾತು, ಆದರೂ ಸ್ವಾರಸ್ಯವಾಗಿದೆ. ಕೇಳು ಅನ್ನೋದು ಕೇಳಿದ ಆಗುತ್ತದೆ. ಆಳು ಅನ್ನೋದು ಆಳಿದ. ತಾಳು, ತಾಳಿದ. ಅದೇ ಲೆಕ್ಕದಲ್ಲಿ ಅಳು ಅನ್ನೋದು 'ಅಳಿದ' ಆಗಬೇಕಿತ್ತಲ್ವಾ? ಆದರೆ ನಾವು ಅತ್ತ, ಅತ್ತಳು, ಅತ್ತೆ ಅಂತೀವಿ. ಮಾತು ಕಲಿಯುವ ಮಗು ಕೆಲವು ಸಲ "ತಮ್ಮ ಅಳಿದ" ಅಂದುಬಿಡುತ್ತದೆ, ನಾವು ನಕ್ಕು ತಿದ್ದುತ್ತೇವೆ. ಮಗುವಿನ ತರ್ಕ ಸರಿಯಾಗಿಯೇ ಇದೆ. ತಪ್ಪಿದ್ದು ಅಕ್ಷರ.

ಹಳಗನ್ನಡದಲ್ಲಿ ಇದು ಅಳು ಅಲ್ಲ, 'ಅೞ್'. ೞ ಅನ್ನುವುದು ಳಕಾರಕ್ಕಿಂತ ಬೇರೆ ಸದ್ದು. ತಮಿಳರು ತಮ್ಮ ಭಾಷೆಯ ಹೆಸರು ಹೇಳುವಾಗ ಕೊನೆಗೆ ನಾಲಗೆ ಮಡಿಸುತ್ತಾರಲ್ಲ, ಅದೇ. ಅವರ 'ಅೞು', ಮಲಯಾಳದ 'ಅೞುಗ' ಎಲ್ಲ ನಮ್ಮ ಅಳುವಿನ ನೆಂಟರು. ಕನ್ನಡದಲ್ಲಿ ಈ ಸದ್ದು ನಿಧಾನಕ್ಕೆ ಳಕಾರದಲ್ಲಿ ಕರಗಿತು. 13ನೇ ಶತಮಾನದ ಹೊತ್ತಿಗೆ ಎಷ್ಟು ಗೊಂದಲ ಆಗಿತ್ತೆಂದರೆ, ವ್ಯಾಕರಣಕಾರ ಕೇಶಿರಾಜ ತನ್ನ 'ಶಬ್ದಮಣಿದರ್ಪಣ'ದಲ್ಲಿ ಯಾವ ಪದಕ್ಕೆ ಯಾವ ಳ ಅಂತ ಪಟ್ಟಿ ಕೊಡಬೇಕಾಯಿತು. ಬಾಯಲ್ಲಿ ವ್ಯತ್ಯಾಸ ಉಳಿದಿದ್ದರೆ ಪಟ್ಟಿ ಯಾಕೆ ಬೇಕಿತ್ತು?

ಅಕ್ಷರ ಹೋಯಿತು, ಅದರ ಗುರುತು ಹೋಗಲಿಲ್ಲ. ೞ ಮುಂದೆ ತಕಾರ ಬಂದಾಗ ಎರಡೂ ಸೇರಿ 'ತ್ತ' ಆಗುತ್ತಿತ್ತು. ಅದಕ್ಕೇ ಅತ್ತ. ಗದ್ದೆ ಉಳು ಅನ್ನೋದು ಉತ್ತ ಆಗುವುದೂ ಇದಕ್ಕೇ, ಕೀಳು ಕಿತ್ತ ಆಗುವುದೂ ಇದಕ್ಕೇ. ಹೂಳು ಅನ್ನೋದು ಹೂತ. ಎಲ್ಲ ಕಡೆಯೂ ಹೀಗೇ ಆಗಿಲ್ಲ. ಹೇಳು ಕೂಡ ಮೊದಲು ಪೇೞ್, ಅದು ಮಾತ್ರ ಹೇಳಿದ ಅಂತ ಸುಲಭದ ದಾರಿ ಹಿಡಿಯಿತು. ದಿನಾ ಬಳಸುವ ಹಳೆಯ ಪದಗಳು ತಮ್ಮ ಹಟ ಬಿಡುವುದಿಲ್ಲ. ಅಳು ಅಂಥ ಒಂದು ಹಟಮಾರಿ.

ಮೈಗೆ ಅಂಟಿದ ಇನ್ನೊಂದು ಪದ 'ಬಿಕ್ಕು'. ಬಿಕ್ಕಿ ಬಿಕ್ಕಿ ಅಳುವುದಕ್ಕೂ, ಊಟ ಮಾಡುವಾಗ ಬರುವ ಬಿಕ್ಕಳಿಕೆಗೂ ಒಂದೇ ಬೇರು. ತಮಿಳಿನಲ್ಲೂ ಬಿಕ್ಕಳಿಕೆಗೆ 'ವಿಕ್ಕಲ್'. ಹೆಸರಿಟ್ಟವರು ಸರಿಯಾಗಿಯೇ ಗಮನಿಸಿದ್ದಾರೆ. ಎರಡರಲ್ಲೂ ಎದೆಗೂ ಹೊಟ್ಟೆಗೂ ನಡುವಿನ ವಪೆ ಎಂಬ ಸ್ನಾಯು ಸೆಟೆದು, ಉಸಿರು ತುಂಡು ತುಂಡಾಗಿ ಒಳಗೆ ಎಳೆದುಕೊಳ್ಳುತ್ತದೆ. ಅಳು ತಡೆದಾಗ ಗಂಟಲು ಉಬ್ಬಿ ಬರುವುದಕ್ಕೂ ಕಾರಣ ಇದೆ. ಸಂಕಟದ ಹೊತ್ತಿನಲ್ಲಿ ಜಾಸ್ತಿ ಗಾಳಿ ಬೇಕು ಅಂತ ದೇಹ ಧ್ವನಿಪೆಟ್ಟಿಗೆಯ ಬಾಯನ್ನು ಅಗಲಿಸಿ ಹಿಡಿಯುತ್ತದೆ. ಅದೇ ಹೊತ್ತಿಗೆ ನಾವು ಉಗುಳು ನುಂಗುತ್ತೇವೆ. ನುಂಗಬೇಕಾದರೆ ಆ ಬಾಯಿ ಮುಚ್ಚಬೇಕು. ತೆರೆ, ಮುಚ್ಚು ಅಂತ ಎರಡು ಆಜ್ಞೆ ಒಟ್ಟಿಗೆ ಬಂದು ಸ್ನಾಯುಗಳು ಜಗ್ಗಾಡುತ್ತವೆ. ಗಂಟಲಲ್ಲಿ ಉಂಡೆ ಸಿಕ್ಕಂತೆ ಆಗುವುದು ಅದರಿಂದ. ಉಂಡೆ ಏನೂ ಇರುವುದಿಲ್ಲ.

ಸಂಸ್ಕೃತದಿಂದ ಬಂದ ಪದಗಳ ಕಥೆ ಚಿಕ್ಕದು. ಹುಯಿಲು, ಹಲುಬು ಎರಡೂ ಹಗುರಾದ ಮೇಲೆ ನಿಜವಾದ ಸಾವಿನ ಸುದ್ದಿ ಬರೆಯಲು ಪತ್ರಿಕೆಯವರಿಗೆ ಪದ ಬೇಕಾಯಿತು. 'ಹುಯಿಲು' ಅಂತ ಬರೆದರೆ ಸತ್ತವರಿಗೆ ಅವಮಾನ. ಹಾಗಾಗಿ 'ಆಕ್ರಂದನ', 'ರೋದನ' ಬಂದವು. ಆಕ್ರಂದನದ ಬೇರು 'ಕ್ರಂದ್', ವೇದದಲ್ಲಿ ಕುದುರೆ ಕೆನೆಯುವುದಕ್ಕೂ ಗುಡುಗಿಗೂ ಅದನ್ನು ಬಳಸಿದ್ದಾರೆ. ರೋದನದ ಬೇರು 'ರುದ್'. ಹುಟ್ಟಿದ ಕೂಡಲೇ ಅತ್ತನಾದ್ದರಿಂದ ರುದ್ರ ಅಂತ ಹೆಸರು ಬಂತು ಎಂದು ಶತಪಥ ಬ್ರಾಹ್ಮಣ ಹೇಳುತ್ತದೆ. ಗಂಭೀರವಾದ ಪದಗಳೇ. ಆದರೆ ಒಂದು ಬಸ್ಸು ಪಲ್ಟಿಯಾದರೂ, ಹೊಳೆಯಲ್ಲಿ ಯಾರಾದರೂ ಮುಳುಗಿದರೂ 'ಕುಟುಂಬಸ್ಥರ ಆಕ್ರಂದನ ಮುಗಿಲು ಮುಟ್ಟಿತ್ತು' ಅಂತಲೇ ಬರೆದು ಬರೆದು, ಆ ಸಾಲನ್ನು ಈಗ ಕಣ್ಣು ಹಾರಿಸಿಕೊಂಡು ಹೋಗುತ್ತದೆ. ಮುಗಿಲನ್ನು ಅಷ್ಟು ಸಲ ಮುಟ್ಟಿಸಬಾರದಿತ್ತು.

ಇವೆಲ್ಲದರ ನಡುವೆ ಒಂದೇ ಒಂದು ಪದ ತನ್ನ ಕೇಳುಗನನ್ನು ಬಿಟ್ಟುಕೊಡಲಿಲ್ಲ, 'ಮೊರೆ'. ಅದೂ ಗೋಳಿನ ಸದ್ದೇ. ದೇವರ ಮುಂದೆ ಮೊರೆಯಿಡುವುದು, ಅರಸನ ಮುಂದೆ ಮೊರೆಯಿಡುವುದು. ಆದರೆ ಹುಯಿಲಿನ ಹಾಗೆ ಇದನ್ನು ಊರೆಲ್ಲರ ಮೇಲೆ ಎಸೆಯಲಿಲ್ಲ. ಒಬ್ಬರ ಎದುರು ನಿಂತು ಹೇಳುವ ಗೋಳು ಇದು, ಉತ್ತರ ಕೊಡಬೇಕಾದವರು ಯಾರು ಅಂತ ಮೊದಲೇ ಗೊತ್ತಿರುತ್ತದೆ. ಅರಸ ಹೋದ ಮೇಲೆ ಆ ಜಾಗಕ್ಕೆ ನ್ಯಾಯಾಲಯ ಬಂತು. 'ಹೈಕೋರ್ಟ್ ಮೊರೆ ಹೋದರು' ಅನ್ನುವಾಗ ಯಾರೂ ಅಳುತ್ತಿರುವುದಿಲ್ಲ, ವಕೀಲರು ಅರ್ಜಿ ಹಾಕಿರುತ್ತಾರೆ. ಆದರೂ ಪದ ಒಪ್ಪುತ್ತದೆ, ಯಾಕೆಂದರೆ ಎದುರಿಗೆ ಕೇಳಬೇಕಾದವರು ಒಬ್ಬರಿದ್ದಾರೆ.

ಈಗ ಅದೂ ಸಡಿಲವಾಗುತ್ತಿದೆ. ಕೆಮ್ಮಿಗೆ ಕಷಾಯದ ಮೊರೆ, ದಾರಿ ತಪ್ಪಿದರೆ ಗೂಗಲ್ ಮೊರೆ. 2019ರಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ರೈತರೊಬ್ಬರು ಮಂಗನ ಕಾಟ ತಡೆಯಲಾರದೆ ತಮ್ಮ ನಾಯಿಗೆ ಹುಲಿಪಟ್ಟೆ ಬಳಿದರು. ಅಂಥ ಸುದ್ದಿಗೆ 'ಬಣ್ಣದ ಮೊರೆ ಹೋದ ರೈತ' ಅಂತ ಶೀರ್ಷಿಕೆ ಕೊಟ್ಟರೆ ಯಾರೂ ತಪ್ಪು ಹುಡುಕಲ್ಲ.